ರೈಲೂ ಸೋಲಬಾರದು, ಎತ್ತೂ ಸೋಲಬಾರದು

ನನ್ನ ಗಂಟಲು ಹೋದದ್ದು ದಾವಣಗೆರೆ ಕ್ಯಾಂಪಿನಲ್ಲಿ. ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ನನ್ನದು, ಆ ಮಾತುಗಳನ್ನು ಬರೆಯುತ್ತಿದ್ದವನೂ ನಾನೇ. ಜ್ವರ ಬಂತು, ಜ್ವರ ಬಿಟ್ಟಾಗ ಧ್ವನಿಯೂ ನನ್ನನ್ನು ಬಿಟ್ಟಿತ್ತು. ಉಳಿದದ್ದು ಪಿಸುಮಾತು. ಡಾಕ್ಟರು ನಾಲಗೆಯ ಮೇಲೆ ಚಮಚ ಒತ್ತಿ ನೋಡಿ, "ಮಾತಾಡಬಹುದು, ಕೂಗೋ ಹಾಗಿಲ್ಲ" ಎಂದರು. ಹಿಂದಿನ ಬೆಂಚಿಗೆ ಮುಟ್ಟದ ಮಾತನ್ನು ಇಟ್ಟುಕೊಂಡು ನಾಟಕದವನು ಏನು ಮಾಡಬೇಕು? ಕಂಪನಿ ಹುಬ್ಬಳ್ಳಿ ಕಡೆ ಹೊರಟಿತು, ನಾನು ಸ್ಟೇಷನ್ನಿನಲ್ಲಿ ಉಳಿದೆ. ಹೆಂಡತಿ ದೊಡ್ಡ ಇನ್‌ಫ್ಲುಯೆಂಜಾದ ವರ್ಷವೇ ತೀರಿಕೊಂಡಿದ್ದಳು. ಆಮೇಲೆ ಮನೆ ಅಂತ ನನಗಿದ್ದದ್ದು ಕಂಪನಿಯ ಊಟದ ಪಂಕ್ತಿ ಒಂದೇ. ಅದೂ ರೈಲು ಹತ್ತಿ ಹೋಯಿತು.

ಧ್ವನಿ ಇಲ್ಲದವನಿಗೆ ಧ್ವನಿ ಇಲ್ಲದ ಕಡೆಯೇ ಕೆಲಸ. ಬೆಂಗಳೂರಿನಲ್ಲಿ ಮೂಕಿ ಚಿತ್ರ ತೆಗೆಸುತ್ತಿದ್ದ ಒಬ್ಬ ಯಜಮಾನರು ನನ್ನ ಹಳೆಯ ಪಾತ್ರಗಳನ್ನು ನೋಡಿದ್ದವರು. ಅವರು ಕರೆಸಿ ಹೇಳಿದ್ದು ಇಷ್ಟು: "ಪುರಾಣದ ಚಿತ್ರಕ್ಕೆ ಮುಂಚೆ ತೋರಿಸೋಕೆ ಒಂದು ಸಣ್ಣ ಕಾಮಿಕ್ ಬೇಕು. ನೀವೇ ಬರೀರಿ, ನೀವೇ ತೆಗೀರಿ. ನಮ್ಮ ಟೆಂಟು ಈಗ ಕಡೂರಲ್ಲಿ ನಿಂತಿದೆ, ಮೊದಲು ಅಲ್ಲೇ ಹಾಕ್ತೀನಿ. ಜನ ನಕ್ಕರೆ ಇಂಥವೇ ಇನ್ನಷ್ಟು ತೆಗೆಯೋಣ. ನಗಲಿಲ್ಲ ಅಂದ್ರೆ, ನೀವು ಎಲ್ಲಿಂದ ಬಂದ್ರೋ ಅಲ್ಲಿಗೆ ಹೋಗಿ."

ಕೊನೆಯ ಮಾತೇ ನನ್ನನ್ನು ಹೆದರಿಸಿದ್ದು. ಹೋಗಲು ಅಂಥ ಒಂದು ಜಾಗವೇ ನನಗೆ ಇರಲಿಲ್ಲ.

ಕಥೆ ಸಿಕ್ಕಿದ್ದು ತರೀಕೆರೆಯಲ್ಲಿ. ಅಲ್ಲಿಂದ ಲಕ್ಕವಳ್ಳಿ ಕಡೆಗೆ ಕಾಡಿನೊಳಗೆ ಹೋಗುವ ಚಿಕ್ಕ ರೈಲು ಒಂದಿತ್ತು. ಹಳಿಗಳ ನಡುವೆ ಒಬ್ಬ ಮನುಷ್ಯ ಕಾಲು ಅಗಲಿಸಿ ನಿಂತರೆ ಮುಗಿಯಿತು, ಅಷ್ಟೇ ಅಗಲ. ಏರಿನಲ್ಲಿ ಜನ ಇಳಿದು, ಬೇಲಿಯಲ್ಲಿ ಕಾರೆ ಹಣ್ಣು ಕಿತ್ತುಕೊಂಡು, ಮತ್ತೆ ಅದೇ ಡಬ್ಬಿಗೆ ಹತ್ತುತ್ತಾರೆ ಎಂದು ಊರವರು ಹೇಳುತ್ತಿದ್ದರು. ನಾನು ಕಣ್ಣಾರೆ ಕಂಡದ್ದಿಲ್ಲ, ಆದರೆ ಕೇಳಿದ ಕೂಡಲೇ ನಂಬಿದೆ. ಹಾಸ್ಯದವನಿಗೆ ಅಷ್ಟು ಸಾಕು. ಮದುವೆಯ ಗಂಡೊಬ್ಬ ಈ ರೈಲು ತಪ್ಪಿಸಿಕೊಳ್ಳುತ್ತಾನೆ. ಮುಹೂರ್ತಕ್ಕೆ ಹೊತ್ತಾಯಿತೆಂದು ಎತ್ತಿನ ಗಾಡಿ ಹತ್ತಿ ರೈಲಿನ ಬೆನ್ನು ಹತ್ತುತ್ತಾನೆ. ಒಮ್ಮೆ ಗಾಡಿ ಮುಂದೆ, ಒಮ್ಮೆ ರೈಲು ಮುಂದೆ. ಕೊನೆಗೆ ಗಾಡಿ ಗೆದ್ದು ಗಂಡು ಹಸೆಮಣೆಗೆ ಹಾರುತ್ತಾನೆ. ಒಂದೇ ಬೆಳಿಗ್ಗೆ ಬರೆದು ಮುಗಿಸಿದೆ.

ರೈಲಿನ ಅಪ್ಪಣೆ ಬೇಕಿತ್ತು. ಚಿಕ್ಕ ರೈಲಿನ ಅಧಿಕಾರಿಯೊಬ್ಬರು ನನ್ನ ಕಥೆಯನ್ನು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಎಲ್ಲಾ ಸರಿ. ಆದರೆ ಗಾಡಿ ಗೆಲ್ಲೋದು ಬೇಡ. ಸರ್ಕಾರದ ರೈಲು ಎತ್ತಿಗೆ ಸೋತಿತು ಅಂತ ಊರೂರಲ್ಲಿ ತೋರಿಸಿದ್ರೆ ಮೇಲಿನವರಿಗೆ ನಾನೇನು ಹೇಳಲಿ?"

ಆಗಲಿ ಎಂದೆ. ಗಾಡಿ ಸೋಲಲಿ, ಗಂಡು ತಡವಾಗಿ ಬರಲಿ, ಅದೂ ನಗುವೇ. ಅಲ್ಲಿಂದ ಎತ್ತು ಹುಡುಕಿಕೊಂಡು ಅಜ್ಜಂಪುರಕ್ಕೆ ಹೋದೆ. ಓಡುವ ಎತ್ತು ಬೇಕೆಂದರೆ ಆ ಸೀಮೆಯ ಅಮೃತಮಹಲ್ ತಳಿಯೇ ಆಗಬೇಕು. ಅಲ್ಲಿನ ಗೌಡರೊಬ್ಬರ ಜೋಡಿಗೆ ಸುತ್ತಲೂ ಹೆಸರಿತ್ತು. ನೀಳ ಕೊಂಬಿನ ಬೂದು ಎತ್ತುಗಳು. ನನ್ನನ್ನು ಕಂಡದ್ದೇ ತಡ, ಎರಡೂ ಒಟ್ಟಿಗೆ ತಲೆ ತಗ್ಗಿಸಿದವು. ಗೌಡರು ನಡುವೆ ನಿಂತು ಹಣೆ ಸವರಿದ ಮೇಲೆಯೇ ನಾನು ಕಥೆ ಹೇಳಿದ್ದು.

ಅವರು ನನ್ನ ಬಾಯಿಯ ಹತ್ತಿರ ಕಿವಿ ತಂದು ಕೇಳಿದರು. "ಮೌನವ್ರತವಾ ಸ್ವಾಮಿ?"

"ಇಲ್ಲ ಗೌಡ್ರೇ, ಗಂಟಲು ಹೋಗಿದೆ."

"ಹೋಗ್ಲಿ ಬುಡಿ. ಕತೆ ಚಂದಾಗದೆ. ಆದ್ರೆ ನನ್ ಎತ್ತು ಸೋತಂಗೆ ತೋರ್ಸದಾದ್ರೆ ನಾನು ಗಾಡಿ ಕಟ್ಟಾಕಿಲ್ಲ. ನಾಳೆ ನಾನು ಅಜ್ಜಂಪುರದ ಸಂತೇಲಿ ತಲೆ ಎತ್ಕೊಂಡು ತಿರುಗ್ಬೇಕಾ ಬ್ಯಾಡ್ವಾ?"

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ನನಗೆ ಒಂದು ಕಡೆ ರೈಲು, ಇನ್ನೊಂದು ಕಡೆ ಎತ್ತು. ಎರಡೂ ಸೋಲಬಾರದು. ಸೋಲುವವರಿಲ್ಲದ ಪಂದ್ಯದಲ್ಲಿ ಯಾರನ್ನು ನೋಡಿ ನಗುವುದು? ಗೌಡರಿಗೂ ಆಗಲಿ ಎಂದೆ. ಕೊನೆಯ ದೃಶ್ಯ ತೆಗೆಯುವ ಹೊತ್ತಿಗೆ ಏನಾದರೂ ಹೊಳೆದೀತು ಎಂದು ಧೈರ್ಯ ತಂದುಕೊಂಡೆ.

ಕ್ಯಾಮೆರಾ ತಿರುಗಿಸಲು ಬಂದವರು ಒಬ್ಬ ಸಾಹೇಬರು. ತರೀಕೆರೆಯಲ್ಲೇ ಹುಟ್ಟಿ, ಬೊಂಬಾಯಿಗೆ ಹೋಗಿ ಕೆಲಸ ಕಲಿತು ಬಂದಿದ್ದವರು. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಪಕ್ಕದಲ್ಲಿ ಹಿಡಿಕೆ. ಹಿಡಿಕೆಯನ್ನು ಎಷ್ಟು ನಿಧಾನ ತಿರುಗಿಸುತ್ತೀರೋ, ಪರದೆಯ ಮೇಲೆ ಜನ ಅಷ್ಟು ಬೇಗ ಓಡುತ್ತಾರೆ. ಕಾಮಿಕ್ಕಿನ ಗುಟ್ಟೆಲ್ಲ ಅದರಲ್ಲೇ ಎಂದು ಸಾಹೇಬರ ನಂಬಿಕೆ. ಅವರು ತಮ್ಮೊಳಗೇ ಏನೋ ಗುನುಗುತ್ತಾ ಆ ತಾಳಕ್ಕೆ ಕೈ ತಿರುಗಿಸುತ್ತಿದ್ದರು. ಗುನುಗು ನಿಂತರೆ ಕೈಯೂ ನಿಲ್ಲುತ್ತಿತ್ತು.

ನನಗೆ ಕೂಗಲು ಬಾರದ್ದರಿಂದ ಬಿಳಿಯ ಕರವಸ್ತ್ರವೊಂದನ್ನು ಹಿಡಿದೆ. ಎತ್ತಿದರೆ ಶುರು, ಇಳಿಸಿದರೆ ನಿಲ್ಲು. ಆಮೇಲೆ ಎಲೆ ಅಡಿಕೆಯ ಕಾಟ. ಆ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಕಾಣದು, ಕೆಂಪೆಲ್ಲ ಕಪ್ಪಾಗಿ ಬೀಳುತ್ತದೆ. ಎಲೆ ಜಗಿದ ಬಾಯಿ ಪರದೆಯ ಮೇಲೆ ಹಲ್ಲೇ ಕಾಣದೆ ಬಾವಿಯಂತಿರುತ್ತದೆ. ಆದ್ದರಿಂದ ಕ್ಯಾಮೆರಾದ ಮುಂದೆ ಯಾರೂ ಎಲೆ ಹಾಕುವಂತಿಲ್ಲ ಎಂದೆ. ಅಡಿಕೆಯ ಸೀಮೆಯಲ್ಲಿ ನಿಂತು ಹೇಳಬಾರದ ಮಾತು ಅದು. ಗೌಡರು, "ಅನ್ನ ಬ್ಯಾಡ ಅನ್ನಿ ಬೇಕಾದ್ರೆ" ಎಂದು ಮುಖ ತಿರುಗಿಸಿದರು. ಆದರೂ ಬಾಯಿ ತೊಳೆದುಕೊಂಡೇ ಗಾಡಿ ಏರಿದರು. ತಮ್ಮ ಎತ್ತನ್ನು ಬೇರೆಯವರ ಕೈಗೆ ಕೊಡಲು ಒಪ್ಪದೆ ಗಾಡಿಯನ್ನು ತಾವೇ ಹೊಡೆದರು.

ತರೀಕೆರೆಯ ಆಚೆ ರಸ್ತೆಯೂ ಹಳಿಯೂ ಅಕ್ಕಪಕ್ಕ ಹೋಗುವ ಕಡೆ ನಮ್ಮ ಕೆಲಸ. ರೈಲು ದಿನಕ್ಕೆ ಒಮ್ಮೆ ಹೋಗುತ್ತದೆ, ಒಮ್ಮೆ ಬರುತ್ತದೆ. ಒಂದು ಸಲ ತಪ್ಪಿದರೆ ಅರ್ಧ ದಿನ ಹೋಯಿತು. ಹೊಗೆ ನಮ್ಮ ಕಡೆ ಬೀಸಿದರೆ ಗಾಡಿಯೇ ಕಾಣದು, ಮೋಡ ಬಂದರೆ ಗಂಡೇ ಕಾಣ. ಒಮ್ಮೆ ಎಲ್ಲ ಕೂಡಿಬಂದಾಗ ಎತ್ತುಗಳು ಎಷ್ಟು ಓಡಿದವೆಂದರೆ ರೈಲು ಬರುವ ಮೊದಲೇ ಗಾಡಿ ಕ್ಯಾಮೆರಾ ದಾಟಿ ಮರೆಯಾಗಿತ್ತು. ಗೌಡರು ವಾಪಸ್ಸು ಬಂದು, "ಕಂಡ್ರಾ?" ಎಂದು ಕೇಳಿದರು. ರೈಲಿನ ಡ್ರೈವರು ಎತ್ತುಗಳನ್ನು ಕಂಡು ತಾನೂ ಹುಮ್ಮಸ್ಸಿಗೆ ಬಿದ್ದು ಇದ್ದಬದ್ದ ಕಲ್ಲಿದ್ದಲನ್ನೆಲ್ಲ ಸುರಿಯತೊಡಗಿದ. ನನಗೆ ಬೇಕಾದದ್ದು ಸುಳ್ಳು ಪಂದ್ಯ, ಅವರು ನಿಜವಾದದ್ದನ್ನೇ ಓಡುತ್ತಿದ್ದರು.

ಸಂಜೆಯಾದರೆ ಸಾಹೇಬರು ಕ್ಯಾಮೆರಾ ಒರೆಸಿ ಚೀಲಕ್ಕೆ ಹಾಕಿ ತಮ್ಮ ಮನೆಗೆ ಹೋಗುತ್ತಿದ್ದರು. ಗೌಡರಿಗೆ ಹತ್ತಿರದ ಹಳ್ಳಿಯಲ್ಲಿ ಬೀಗರಿದ್ದರು. ಗಂಡಿನ ಪಾತ್ರ ಮಾಡುತ್ತಿದ್ದ ನಟ ಊರೊಳಗೆ ಇಸ್ಪೀಟಿಗೆ ಜೊತೆ ಹುಡುಕಿಕೊಂಡಿದ್ದ. ನಾನು ಮುಸಾಫರಿ ಬಂಗಲೆಗೆ ಬರುತ್ತಿದ್ದೆ. ಕಂಪನಿಯಲ್ಲಿದ್ದಾಗ ಹೊಸ ಹಾಸ್ಯ ಹೊಳೆದರೆ ಊಟದ ಪಂಕ್ತಿಯಲ್ಲೇ ಹೇಳಿ ನೋಡುತ್ತಿದ್ದೆ. ಅನ್ನ ನೆತ್ತಿಗೇರಿದವರು ಎಷ್ಟು ಜನ ಎಂದು ನೋಡಿದರೆ ಹಾಸ್ಯದ ಬೆಲೆ ತಿಳಿಯುತ್ತಿತ್ತು. ಇಲ್ಲಿ ಯಾರಿಗೆ ಹೇಳಲಿ? ಒಂದು ಸಂಜೆ ಬಂಗಲೆಯ ಅಡುಗೆಯವನನ್ನು ಕೂರಿಸಿ, ಗಂಡು ರೈಲಿನ ಕಿಟಕಿಗೆ ನೇತುಬೀಳುವ ಸನ್ನಿವೇಶವನ್ನು ಪಿಸುಮಾತಿನಲ್ಲಿ ಹೇಳಿ, ಕೈಕಾಲು ಆಡಿಸಿ ತೋರಿಸಿದೆ. ಅವನು ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿ, "ಆಗ್ಲಿ ಸ್ವಾಮಿ. ಸಾರು ಬಿಸಿ ಮಾಡ್ಲಾ?" ಎಂದ. ನನಗೆ ಅಳು ಬಂದಂತಾಯಿತು. ಸಾರು ಮಾತ್ರ ಚೆನ್ನಾಗಿತ್ತು.

ಓಟದ ದೃಶ್ಯಗಳೆಲ್ಲ ಮುಗಿದು ಕೊನೆಯದೊಂದು ಉಳಿದಾಗ ನಟ ಕೈಕೊಟ್ಟ. ಅವನು ಬೆಂಗಳೂರಿನವನು, ಎತ್ತೆಂದರೆ ನೊಗ ಹೊತ್ತ ಸಾಧು ಪ್ರಾಣಿ ಎಂದುಕೊಂಡಿದ್ದ. ಗೌಡರು ಬೇಡ ಬೇಡ ಎನ್ನುತ್ತಿದ್ದರೂ ಜರಿ ಪೇಟ ಹೊಳೆಯಿಸುತ್ತಾ ಎತ್ತಿನ ಬೆನ್ನು ತಟ್ಟಲು ಹೋದ. ಎಡಗಡೆಯ ಎತ್ತು ಅವನ ಶಲ್ಯಕ್ಕೆ ಕೊಂಬು ಹಾಕಿ ಒಂದು ಸಲ ತಲೆ ಕೊಡವಿತು. ಗಾಯವೇನೂ ಆಗಲಿಲ್ಲ. ಆದರೆ ಅವನು ಬೇಲಿಯ ಆಚೆ ಬಿದ್ದವನು ಎದ್ದು, ಪೇಟ ತೆಗೆದು ನನ್ನ ಕೈಗಿಟ್ಟು, "ನಿಮ್ಮ ಕಾಮಿಕ್ಕೂ ಬೇಡ, ಈ ರಾಕ್ಷಸ ಎತ್ತೂ ಬೇಡ" ಎಂದು ಸ್ಟೇಷನ್ನಿನ ದಾರಿ ಹಿಡಿದ. ಆ ಓಟವನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕ್ಯಾಮೆರಾದ ಮುಂದೆ ಒಂದು ದಿನವೂ ಅವನು ಅಷ್ಟು ಚೆನ್ನಾಗಿ ಓಡಿರಲಿಲ್ಲ.

ಹೀಗೆ ನನ್ನ ಹತ್ತಿರ ಗಂಡಿಲ್ಲ, ಸೋಲುವವರಿಲ್ಲ, ಕೊನೆಯ ದೃಶ್ಯವಿಲ್ಲ. ಫಿಲ್ಮೂ ಒಂದೇ ಸಲಕ್ಕೆ ಆಗುವಷ್ಟು ಉಳಿದಿತ್ತು. ಯಜಮಾನರಿಗೆ ತಂತಿ ಕೊಟ್ಟರೆ ಬರುವ ಉತ್ತರ ನನಗೆ ಗೊತ್ತಿತ್ತು.

ಮರುದಿನ ಮಧ್ಯಾಹ್ನ ರೈಲು ಬರುವುದನ್ನು ಕಾಯುತ್ತಾ ಹಳಿಯ ಪಕ್ಕದಲ್ಲಿ ಗಂಡಿನ ಟ್ರಂಕಿನ ಮೇಲೆ ಕುಳಿತಿದ್ದೆ. ರಸ್ತೆಯೂ ಹಳಿಯೂ ಅಲ್ಲಿ ಬೇರೆಯಾಗುತ್ತವೆ. ಹಳಿ ಎಡಕ್ಕೆ ಕಾಡಿನೊಳಗೆ, ರಸ್ತೆ ಬಲಕ್ಕೆ ಹಳ್ಳದ ಕಡೆಗೆ. ಕ್ಯಾಮೆರಾದ ಮುಂದೆ ಯಾರೂ ಇಲ್ಲವಲ್ಲ ಎಂದು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದೆ. ಕಂಪನಿಯಲ್ಲಿ ರಂಗಕ್ಕೆ ಹೋಗುವ ಮುಂಚೆ ಎರಡು ಎಲೆ ಮಡಿಸುವುದು ನನ್ನ ರೂಢಿ. ಒಂದು ನನಗೆ, ಒಂದು ನನ್ನ ಜೊತೆಯ ಪಾತ್ರಧಾರಿಗೆ. ಯೋಚನೆ ಎಲ್ಲೋ ಇತ್ತು, ಕೈ ಎರಡು ಮಡಿಸಿತು. ಒಂದನ್ನು ಪಕ್ಕಕ್ಕೆ ಚಾಚಿದೆ. ತೆಗೆದುಕೊಳ್ಳುವವರಿಲ್ಲ. ತಿರುಗಿ ನೋಡಿದೆ, ಬರೀ ಹುಲ್ಲು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಆ ಎಲೆಯನ್ನು ಟ್ರಂಕಿನ ಮೇಲೆ ಇನ್ನೊಬ್ಬ ಕೂರಬಹುದಾದ ಕಡೆ ಇಟ್ಟು, ನನ್ನದನ್ನು ಬಾಯಿಗೆ ಹಾಕಿಕೊಂಡೆ.

ಹಿಂದಿನಿಂದ ಫಕ್ಕನೆ ನಗು ಕೇಳಿತು. ಸಾಹೇಬರು. ಅಷ್ಟೂ ದಿನ ಗಂಡು ಬಿದ್ದರೂ ಎದ್ದರೂ ಗುನುಗುತ್ತಲೇ ಹಿಡಿಕೆ ತಿರುಗಿಸಿದ್ದವರು, ಈಗ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುತ್ತಿದ್ದರು. ನಾನು ತಿರುಗಿದ್ದು ಕಂಡು ಅವರ ಮುಖ ಸಣ್ಣದಾಯಿತು.

"ಮಾಫ್ ಮಾಡಿ ಮೇಷ್ಟ್ರೇ. ನಗಬಾರ್ದಿತ್ತು."

ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರೂ ನೋಡದೆ ಇರಬೇಕಾದದ್ದನ್ನು ಒಬ್ಬರು ನೋಡಿದರಲ್ಲ ಎನ್ನಿಸಿತು. ಆದರೆ ನಗಿಸುವ ಕಸುಬಿನವನಿಗೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಗು ಎಲ್ಲಿ ಬಂತು ಎಂದು ಲೆಕ್ಕ ಹಾಕುತ್ತಾನೆ. ಎಲೆ ಚಾಚಿದಾಗ ಬಂತೆ, ತಿರುಗಿ ನೋಡಿದಾಗ ಬಂತೆ?

"ಯಾವಾಗ ನಕ್ಕಿದ್ದು ಸಾಹೇಬ್ರೇ? ನಿಜ ಹೇಳಿ."

ಅವರು ಯೋಚಿಸಿದರು. "ಎಲೆ ಪಕ್ಕದಲ್ಲಿ ಇಟ್ಟು ಜಾಗ ಬಿಟ್ಟು ಸರಿದು ಕೂತ್ರಲ್ಲ, ಆವಾಗ."

ಸರಿದು ಕೂತದ್ದು ನನಗೇ ಗೊತ್ತಿರಲಿಲ್ಲ. ಅಲ್ಲೇ ನಿರ್ಧಾರ ಮಾಡಿದೆ. ರೈಲೂ ಗೆಲ್ಲಲಿ, ಎತ್ತೂ ಗೆಲ್ಲಲಿ, ಎರಡೂ ಸರಿಸಮ ಓಡಿ ತಮ್ಮ ತಮ್ಮ ದಾರಿ ಹಿಡಿಯಲಿ. ಗಾಡಿಯಿಂದ ರೈಲಿಗೆ ಹಾರಲು ಹೋದ ಗಂಡು ಎರಡೂ ತಪ್ಪಿ ನಡುವೆ ಉಳಿಯಲಿ. ಸೋಲುವುದು ಅವನೊಬ್ಬನೇ. ಗಂಡು ನಾನೇ ಆಗುತ್ತೇನೆ, ಮುಖ ತೋರಿಸದೆ ಬೆನ್ನು ತೋರಿಸಿ.

ಗೌಡರು ಕೇಳಿ, "ಅಂಗಾದ್ರೆ ನಾವು ಸೋಲಲ್ಲ ತಾನೆ?" ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡರು. ತಕರಾರು ತೆಗೆದವರು ಸಾಹೇಬರು. ಓಡುವುದನ್ನು ಎಂದಿನಂತೆ ನಿಧಾನದ ಕೈಯಲ್ಲಿ ತೆಗೆಯಿರಿ, ಆದರೆ ಗಂಡು ಒಬ್ಬನೇ ನಿಂತ ಗಳಿಗೆಯಿಂದ ಕೈ ಜೋರು ಮಾಡಿ, ಅವನು ಲೋಕದಲ್ಲಿ ಜನ ಕೂರುವ ಹಾಗೆಯೇ ಕೂರಲಿ ಎಂದು ನಾನು ಹೇಳಿದ್ದೆ.

"ಕಾಮಿಕ್ಕಿಗೆ ಆ ಸ್ಪೀಡು ಆಗಲ್ಲ ಮೇಷ್ಟ್ರೇ. ಸಾವಿನ ಸೀನು ಆಗ್ಬಿಡ್ತದೆ. ಮಧ್ಯೆ ಕೈ ಬದಲಾಯಿಸಿದ್ರೆ ಬೆಳಕೂ ಹೆಚ್ಚುಕಮ್ಮಿ ಆಗ್ತದೆ."

"ಅದನ್ನ ನೀವು ನೋಡ್ಕೊಳ್ಳಿ. ಸಾವಿನ ಸೀನಾದ್ರೆ ನನ್ನದು ತಾನೇ?"

ಅವರು ಲೆನ್ಸಿನ ಬೆಳಕಿನ ಕಿಂಡಿಯ ಮೇಲೆ ಎಡಗೈ ಇಟ್ಟು, ಬಲಗೈಯಲ್ಲಿ ಹಿಡಿಕೆ ಹಿಡಿದರು. ನಾನು ಪೇಟ ಕಟ್ಟಿ ಗಾಡಿಯೇರಿದೆ. ಕರವಸ್ತ್ರ ಎತ್ತಲು ಬೇರೆ ಯಾರೂ ಇಲ್ಲದ್ದರಿಂದ ಗಾಡಿಯ ಮೇಲಿಂದ ನಾನೇ ಎತ್ತಿದೆ. ರೈಲು ಕೂಗುತ್ತಾ ಬಂತು, ಗೌಡರು ಹಗ್ಗ ಸಡಿಲ ಬಿಟ್ಟರು. ಎರಡೂ ಜೋಡಿಯಾದಾಗ ಟ್ರಂಕು ಹೊತ್ತು ಹಾರಿದೆ. ಅಂಗೈ ತರಚಿತು. ಎದ್ದು ರೈಲಿನ ಹಿಂದೆ ನಾಲ್ಕು ಹೆಜ್ಜೆ, ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿದೆ. ರೈಲು ಎಡಕ್ಕೆ ಹೋಯಿತು, ಗಾಡಿ ಬಲಕ್ಕೆ ಹೋಯಿತು, ಧೂಳು ಮಾತ್ರ ಇಬ್ಬರಿಗೂ ಸೇರಿದ್ದು ನನ್ನ ಮೇಲೆ ಬಿತ್ತು.

ನಿಂತೆ. ಟ್ರಂಕು ಇಳಿಸಿ ಅದರ ಮೇಲೆ ಕೂತೆ. ನೋಡುವವರಿಲ್ಲದಿದ್ದರೂ ಪೇಟ ಸರಿ ಮಾಡಿಕೊಂಡೆ. ಎರಡು ಎಲೆ ಮಡಿಸಿದೆ. ಮುಖ ಕಾಣದ್ದರಿಂದ ಬಾಯಿ ಕೆಂಪಾದರೂ ಚಿಂತೆಯಿರಲಿಲ್ಲ. ಒಂದನ್ನು ಪಕ್ಕಕ್ಕೆ ಚಾಚಿದೆ, ಕಾದೆ, ನೋಡಿದೆ, ಆ ಕಡೆಯೂ ನೋಡಿದೆ. ಇಟ್ಟೆ. ಸರಿದು ಕೂತೆ. ಬೆನ್ನಿನಲ್ಲಿ ಏನು ಕಾಣುತ್ತದೆ ಎಂದು ಬೆನ್ನಿನವನಿಗೆ ತಿಳಿಯುವುದಿಲ್ಲ. ನನಗೆ ಕೇಳುತ್ತಿದ್ದದ್ದು ಹಿಡಿಕೆಯ ಸದ್ದು ಒಂದೇ. ಗುನುಗು ಯಾವಾಗಲೋ ನಿಂತಿತ್ತು, ಆದರೂ ಕೈ ತಿರುಗುತ್ತಿತ್ತು. ಆಮೇಲೆ ಸದ್ದು ನಿಂತಿತು.

"ಫಿಲ್ಮು ಮುಗೀತು ಮೇಷ್ಟ್ರೇ."

ತಿರುಗಿ ನೋಡಿದೆ. ಸಾಹೇಬರು ನಗುತ್ತಿರಲಿಲ್ಲ. ಹೇಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಂಗಳೂರಿನಲ್ಲಿ ಫಿಲ್ಮು ತೊಳೆಸಿ, ಕತ್ತರಿಸಿ ಅಂಟಿಸಿ ತೋರಿಸಿದಾಗ ಯಜಮಾನರು ಓಟಕ್ಕೆ ತಲೆದೂಗಿದರು. ಕೊನೆಗೆ ಬಂದಾಗ, "ಇದೇನು ಎಳೆದಾಡಿದೀರಿ? ಕತ್ತರಿಸಿ. ಇಲ್ಲಾ ಒಂದು ತಮಾಷೆ ಮಾತಾದರೂ ಬರೆದು ಹಾಕಿ" ಎಂದರು. ಕಡೂರಿನ ಒಂದು ಆಟಕ್ಕೆ ಮಾತ್ರ ಹೀಗೇ ಇರಲಿ ಎಂದು ಬೇಡಿಕೊಂಡೆ. ಬೊಂಬಾಯಿಯಲ್ಲಿ ಮಾತಾಡುವ ಚಿತ್ರ ಬರುತ್ತದಂತೆ ಎಂದು ಆಫೀಸಿನಲ್ಲಿ ಯಾರೋ ಹೇಳುತ್ತಿದ್ದರು. ನಾನು ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಅದು ಬಂದದ್ದೂ ನಿಜ, ನನ್ನಂಥವರನ್ನು ಒರೆಸಿ ಹಾಕಿದ್ದೂ ನಿಜ. ಅವತ್ತು ನನ್ನ ಭಯ ಕಡೂರಿನಾಚೆ ಹೋಗಿರಲಿಲ್ಲ.

ಕಡೂರಿನ ಟೆಂಟಿನಲ್ಲಿ ಸಂಜೆಯ ಆಟ. ಸಂತೆಯ ದಿನವಾದ್ದರಿಂದ ನೆಲ ತುಂಬಿತ್ತು. ಯಜಮಾನರು ಕಂಬಕ್ಕೆ ಒರಗಿ, ಪರದೆ ಬಿಟ್ಟು ಜನರ ಕಡೆ ಮುಖ ಮಾಡಿ ನಿಂತರು. ನಾನು ನೆಲದ ಮೇಲೆ ಜನರ ನಡುವೆ ಕೂತೆ. ನನ್ನ ಪಕ್ಕದಲ್ಲಿ ಪಂಚನಹಳ್ಳಿಯಿಂದ ಕೊಬ್ಬರಿ ಗಾಡಿ ಹೊಡೆದುಕೊಂಡು ಬಂದಿದ್ದವನೊಬ್ಬ ಕಾಲು ಚಾಚಿದ್ದ. ಹಾರ್ಮೋನಿಯಂ ಶುರುವಾಯಿತು, ಪರದೆಯ ಪಕ್ಕದಲ್ಲಿ ಕೋಲು ಹಿಡಿದವನು ಬರಹಗಳನ್ನು ಗಟ್ಟಿಯಾಗಿ ಓದತೊಡಗಿದ.

ರೈಲು ಬಂತು, ಗಾಡಿ ಬಂತು. ಜನ ಕೂಗಿದರು, ನಗಲಿಲ್ಲ.

"ಅಜ್ಜಂಪುರದ ಗೌಡ್ರ ಎತ್ತು ಕಣ್ಲಾ!"

"ಎಡಗಡೇದು ಒಂಚೂರು ಹಿಂದೆ ಬಿತ್ತು, ನೋಡು."

"ಎಲ್ಲಿ ಬಿತ್ತು? ರೈಲೇ ಹಿಂದೆ ಅದೆ."

ಟೆಂಟು ಎರಡು ಪಕ್ಷವಾಯಿತು. ಗಂಡು ಕಿಟಕಿಗೆ ನೇತುಬಿದ್ದ, ಯಾರೂ ಅವನನ್ನು ನೋಡಲಿಲ್ಲ. ಅವನ ಕಾಲ ಕೆಳಗೆ ಎತ್ತಿನ ಗೊರಸು ನೋಡುತ್ತಿದ್ದರು. ಯಜಮಾನರು ಕೈ ಕಟ್ಟಿ ನನ್ನ ಕಡೆ ಒಮ್ಮೆ ನೋಡಿದರು. ಮುಗಿಯಿತು, ನಾಳೆ ಯಾವ ಊರಿಗೆ ಹೋಗುವುದು ಎಂದು ಕೂತಲ್ಲೇ ಯೋಚಿಸಲು ಶುರುಮಾಡಿದೆ.

ರೈಲು ಎಡಕ್ಕೆ, ಗಾಡಿ ಬಲಕ್ಕೆ. ಯಾರು ಗೆದ್ದರು ಎಂದು ಕೂಗಾಡುತ್ತಿದ್ದವರಿಗೆ ಉತ್ತರ ಸಿಗದೆ ಬಾಯಿ ಕಟ್ಟಿತು. ಓದಲು ಬರಹವಿಲ್ಲದೆ ಕೋಲಿನವನೂ ಸುಮ್ಮನಾದ. ಯಾವ ರಾಗ ನುಡಿಸಬೇಕೆಂದು ತಿಳಿಯದೆ ಹಾರ್ಮೋನಿಯಂ ನಿಂತಿತು. ಪರದೆಯ ಮೇಲೆ ಒಂದು ಬೆನ್ನು, ಒಂದು ಟ್ರಂಕು. ಬೆನ್ನು ಪೇಟ ಸರಿ ಮಾಡಿಕೊಂಡಿತು. ಮುಂದೆ ಕೂತಿದ್ದ ಒಬ್ಬ ಹೆಂಗಸು "ಅಯ್ಯೋ!" ಎಂದು ಕಿಸಕ್ಕನೆ ನಕ್ಕಳು. ಎಲೆಯನ್ನು ಪಕ್ಕಕ್ಕೆ ಚಾಚಿತು. ಅಲ್ಲಿಂದ ಇಲ್ಲಿಂದ ನಗು ಎದ್ದಿತು. ಎಲೆಯನ್ನು ಇಟ್ಟು ಸರಿದು ಕೂತಾಗ ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ಕಂಬದ ಹತ್ತಿರ ಯಜಮಾನರು ಈಗ ಜನರನ್ನು ಬಿಟ್ಟು ಪರದೆಯನ್ನು ನೋಡುತ್ತಿದ್ದರು, ಅವರ ಹೊಟ್ಟೆ ಕುಣಿಯುತ್ತಿತ್ತು. ನನ್ನ ಕೆಲಸ ಉಳಿಯಿತು ಎಂದು ತಿಳಿಯಿತು. ಅಷ್ಟು ಜನರ ನಡುವೆ ಅದನ್ನು ಹೇಳಿಕೊಳ್ಳಲು ನನಗೆ ಒಬ್ಬರೂ ಇರಲಿಲ್ಲ.

ಕೊಬ್ಬರಿ ಗಾಡಿಯವನು ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದ. ನನ್ನ ಮುಖ ಕಂಡು ಅವನ ನಗು ಅರ್ಧಕ್ಕೆ ನಿಂತಿತು.

"ಯಾಕ್ ಸ್ವಾಮಿ, ಇಷ್ಟು ಜನ ನಗ್ತಾವ್ರೆ, ನೀವೊಬ್ರೇ ಹಿಂಗೆ ಕೂತಿದೀರಿ? ಮನೇಲಿ ಏನಾದ್ರೂ ತೊಂದ್ರೆನಾ?"

ಅವನ ಕಿವಿಯ ಹತ್ತಿರ ಬಗ್ಗಿ, "ಮನೆ ಅಂತ ಇಲ್ಲ ಕಣಪ್ಪ" ಎಂದೆ.

ಅವನು ಲೊಚಗುಟ್ಟಿದ. ಆಮೇಲೆ ಪರದೆಯ ಕಡೆ ಕೈ ತೋರಿಸಿ, ಸಮಾಧಾನ ಹೇಳುವವನಂತೆ ನನ್ನ ಮೊಣಕಾಲು ತಟ್ಟಿದ.

"ಅಂಗಾದ್ರೆ ಅವುನ್ನ ನೋಡಿ ನಗಿ ಸ್ವಾಮಿ. ಅವನಿಗಿಂತ ನೀವೇ ವಾಸಿ."

ನೋಡಿದೆ. ಹೌದೆನ್ನಿಸಿತು. ನಕ್ಕೆ.